ಕೋರ್ಟಿನಲ್ಲಿ ಆವಲಪ್ಪ ಕೂತದ್ದು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ. ಈ ನಾಲ್ಕು ಊರುಗಳ ನಡುವೆ ಎಲ್ಲೋ ಒಂದು ಕೋರ್ಟಿನಲ್ಲಿ ಇದು ನಡೆಯಿತು. ಯಾವ ಊರು ಎಂದು ಕೇಳಬೇಡಿ, ಹೇಳುವುದಿಲ್ಲ. ಆ ಕೋರ್ಟಿನ ಶಿರಸ್ತೇದಾರರ ಮಕ್ಕಳು ಮರಿಗಳು ಇನ್ನೂ ಅಲ್ಲೇ ಇದ್ದಾರೆ, ಎದುರಿಗೆ ಸಿಕ್ಕರೆ ನನಗೆ ಕೈ ಮುಗಿಯುತ್ತಾರೆ. ಅದನ್ನು ಕೆಡಿಸಿಕೊಳ್ಳುವ ವಯಸ್ಸಲ್ಲ ನನ್ನದು. ನನ್ನ ಹೆಸರು ರಹಮತ್ತುಲ್ಲಾ. ಇಪ್ಪತ್ತಾರು ವರ್ಷ ಆ ಕೋರ್ಟಿನ ಬಾಗಿಲಿನ ಎದುರಿಗೆ, ಹೊಂಗೆಮರದ ಕೆಳಗೆ ಚಾಪೆ ಹಾಸಿ, ಮುಂದೊಂದು ಮರದ ಪೆಟ್ಟಿಗೆ ಇಟ್ಟುಕೊಂಡು ಊರಿನವರ ಅರ್ಜಿ ಬರೆದವನು. ಕನ್ನಡ, ಉರ್ದು ಎರಡರಲ್ಲೂ ಬರೆಯುತ್ತಿದ್ದೆ. ತೆಲುಗಿನಲ್ಲಿ ಅತ್ತುಕೊಂಡು ಬಂದವರ ಅಳುವನ್ನು ಕನ್ನಡಕ್ಕೆ ಇಳಿಸುತ್ತಿದ್ದೆ. ಈ ಬರಹವನ್ನು ಮಾತ್ರ ಯಾರೂ ಹೇಳಿ ಬರೆಸುತ್ತಿಲ್ಲ, ಹಾಗಾಗಿ ಮಹಾಪ್ರಭುಗಳ ಸನ್ನಿಧಾನಕ್ಕೆ ಎಂದು ಶುರು ಮಾಡುವ ಗೋಜಿಲ್ಲ.

ಆವಲಪ್ಪ ಆ ಕೋರ್ಟಿನ ಜವಾನ, ತಾಯಲೂರಿನವನು. ಆರಡಿ ಆಳು. ಬಿಳಿ ಕಚ್ಚೆಪಂಚೆ, ಉದ್ದನೆಯ ಕೋಟು, ತಲೆಗೆ ರುಮಾಲು, ಎದೆಗೆ ಅಡ್ಡಲಾಗಿ ಕೆಂಪು ಪಟ್ಟಿ, ಪಟ್ಟಿಯ ಮೇಲೆ ಹಿತ್ತಾಳೆ ಬಿಲ್ಲೆ. ಬೆಳಿಗ್ಗೆ ಹನ್ನೊಂದಕ್ಕೆ ಮುನ್ಸೀಫರು ಬಂದು ಕುರ್ಚಿಯಲ್ಲಿ ಕೂತರೆ ಅವರ ಬೆನ್ನ ಹಿಂದೆ ಇವನು ನಿಲ್ಲಬೇಕು. ಅವರು ಎದ್ದು ಹೋಗುವ ತನಕ ಅಲ್ಲಾಡಬಾರದು. ನಡುನಡುವೆ ಕಕ್ಷಿದಾರರ ಹೆಸರನ್ನು ಮೂರು ಸಲ ಕೂಗಬೇಕು. ಆ ಕೂಗು ಕೆರೆಯ ಏರಿಯ ಮೇಲೆ ದನ ಮೇಯಿಸುವವನಿಗೂ ಕೇಳುತ್ತಿತ್ತು. ಹೆಸರು ಕೂಗಿಸಿಕೊಂಡವರು ಒಳಗೆ ಹೋಗಿ "ಹಾಜರ್" ಎಂದು ಹೇಳಿ, ಗೋಡೆಯ ಪಕ್ಕದ ಬೆಂಚಿನಲ್ಲಿ ಕೂರುತ್ತಿದ್ದರು. ಆ ಬೆಂಚಿನ ಮೇಲ್ಗಡೆ ಒಂದು ಹಲಗೆ ನೇತುಹಾಕಿತ್ತು: "ಕಕ್ಷಿದಾರರು ತಮ್ಮ ಕೇಸು ಮುಗಿಯುವ ತನಕ ಈ ಬೆಂಚಿನ ಮೇಲೆ ಕೂರತಕ್ಕದ್ದು." ಯಾರೋ ಹಳೆಯ ಮುನ್ಸೀಫರು, ಜನ ಒಳಗೆಲ್ಲ ಗುಂಪುಗಟ್ಟಿ ನಿಲ್ಲುತ್ತಾರೆ ಎಂದು ರೇಗಿ ಬರೆಸಿದ್ದು. ಅಕ್ಷರ ನನ್ನದೇ.

ಹೀಗೆ ಆ ಕೋಣೆಯಲ್ಲಿ ಮುನ್ಸೀಫರಿಗೆ ಕುರ್ಚಿ, ವಕೀಲರಿಗೆ ಕುರ್ಚಿ, ಶಿರಸ್ತೇದಾರರಿಗೆ ಕುರ್ಚಿ, ಕಳ್ಳಪತ್ರ ಮಾಡಿದವನಿಗೂ ಬೆಂಚು. ನಿಂತಿರುವವನು ಆವಲಪ್ಪ ಒಬ್ಬನೇ. ಅವನಿಗೆ ಅದೇ ಒಂದು ಜಂಬ. ಮಧ್ಯಾಹ್ನ ಮರದ ಕೆಳಗೆ ಬಂದು ನನ್ನನ್ನು ಛೇಡಿಸುತ್ತಿದ್ದ.

"ಏನ್ ಸಾಬ್ರೇ, ಬೆಳಗಿಂದ ಸಂಜೆ ತನಕ ಕುಕ್ಕರು ಬಡಿದು ಕೂತಿರ್ತೀರಲ್ಲ, ನಿಮ್ಗೆ ಬೇರು ಬಂದಿಲ್ವಾ?"

"ಲೇ, ನಿಂತಿರೋ ಕಂಬಕ್ಕೆ ಸಂಬಳ ಕೊಡೋ ಸರ್ಕಾರ ನಿಂದು. ಹೋಗೋ ಹೋಗು" ಎನ್ನುತ್ತಿದ್ದೆ.

ಮೂವತ್ತನಾಲ್ಕು ಮೂವತ್ತೈದನೇ ಇಸವಿಯ ಹೊತ್ತಿಗೆ ಆ ಜಂಬದ ಕಾಲುಗಳು ಸೋಲುತ್ತಾ ಬಂದವು. ಮರದ ಕೆಳಗೆ ಕೂತು ಎಡಗಾಲನ್ನು ನೀವಿಕೊಳ್ಳುತ್ತಿದ್ದ. ಪಾದದ ಗಿಣ್ಣಿನ ಹತ್ತಿರ ಊತ. ಬೆರಳಿಂದ ಒತ್ತಿದರೆ ಕುಣಿ ಬೀಳುತ್ತಿತ್ತು, ಒಂದು ಬೀಡಿ ಸೇದಿ ಮುಗಿಸಿದರೂ ಆ ಕುಣಿ ತುಂಬುತ್ತಿರಲಿಲ್ಲ. ಸಂಜೆಯಾದರೆ ಕಾಲಿಗೆ ಕಲ್ಲು ಕಟ್ಟಿದ ಹಾಗೆ ಭಾರ, ಬೆಳಿಗ್ಗೆ ಎದ್ದರೆ ಊತವೇ ಇಲ್ಲ. ಅದನ್ನೇ ಹಿಡಿದುಕೊಂಡು ಅವನು ವಾದ ಮಾಡುತ್ತಿದ್ದ.

"ರೋಗ ಆಗಿದ್ರೆ ರಾತ್ರೀಲಿ ಎಲ್ಲಿಗೆ ಹೋಗ್ತದೆ ಸಾಬ್ರೇ? ಏನೋ ಸುಸ್ತು ಅಷ್ಟೇ."

ಆಮೇಲೆ ಮೊಣಕಾಲಿನ ಒಳಭಾಗದಿಂದ ಗಿಣ್ಣಿನ ತನಕ ನರವೊಂದು ಉಬ್ಬಿತು. ಹಸಿರಾಗಿ, ಅಂಕುಡೊಂಕಾಗಿ, ಗಂಟುಗಂಟಾಗಿ. ಗಿಣ್ಣಿನ ಮೇಲಿನ ಚರ್ಮ ಹಳೆಯ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿತು, ತುರಿಕೆ ಶುರುವಾಯಿತು. ಊರಿನವರಿಗೆ ಬಾಯಿ ಸುಮ್ಮನಿರುತ್ತದೆಯೇ? ಒಬ್ಬ ಆನೆಕಾಲು ಎಂದ. ಇನ್ನೊಬ್ಬಳು ದೃಷ್ಟಿ ಎಂದಳು. ಆವಲಪ್ಪನ ಅಪ್ಪ ತಾಯಲೂರಿನಲ್ಲಿ ಹಾವು ಕಚ್ಚಿದವರಿಗೆ ಮದ್ದು ಮಾಡುತ್ತಿದ್ದವನು. ಆದ್ದರಿಂದ ಮೂರನೆಯವನು, ಇದು ನಾಗದೋಷವೇ ಸರಿ, ಕಾಲ ಮೇಲೆ ನೋಡು ಹಾವೇ ಹರಿದಿದೆ ಎಂದ. ನಾಗರಕಲ್ಲು ಪ್ರತಿಷ್ಠೆ ಮಾಡಿಸು ಎಂದವರಿಗೆ ಆವಲಪ್ಪ, "ಕಲ್ಲು ಹೊರೋಕೂ ಕಾಲು ಬೇಕಲ್ಲಯ್ಯಾ" ಎಂದು ಹೇಳಿ ಅಟ್ಟಿದ.

ಬಾಯಿ ನಂಬದಿದ್ದರೂ ಕೈ ನಂಬಿತು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಹೋಗಿ ಅವನು ಕಲಿತಿದ್ದು ಒಂದೇ ವಿದ್ಯೆ, ಹಾವಿನ ಕಟ್ಟು. "ಪಾಮು ಕರಿಸ್ತೇ ಪೈಕಿ ಎಕ್ಕನಿಯ್ಯಕೂಡದು ರಾ" ಎನ್ನುತ್ತಿದ್ದನಂತೆ ಅಪ್ಪ. ಕಚ್ಚಿದ್ದನ್ನು ಮೇಲಕ್ಕೆ ಹತ್ತಗೊಡಬಾರದು. ಇಲ್ಲಿ ಕಚ್ಚಿದ್ದು ಏನೂ ಇರಲಿಲ್ಲ, ಆದರೆ ಏನೋ ಒಂದು ಹತ್ತುತ್ತಾ ಇರುವುದು ಕಣ್ಣಿಗೆ ಕಾಣುತ್ತಿತ್ತಲ್ಲ. ಆವಲಪ್ಪ ಅರಿಶಿನ ಹಚ್ಚಿದ ನೂಲಿನ ಹುರಿಯನ್ನು ಮೊಣಕಾಲಿನ ಕೆಳಗೆ ಎರಡು ಸುತ್ತು ಸುತ್ತಿ, ಅದರೊಳಗೆ ಒಂದು ಕಡ್ಡಿ ತೂರಿಸಿ, ತಿರುಚಿ ಬಿಗಿ ಮಾಡುತ್ತಿದ್ದ. ದಿನಾ ಬೆಳಿಗ್ಗೆ, ಪಂಚೆ ಉಡುವ ಮೊದಲು. ಹೆಂಡತಿ ಚಿಕ್ಕಗಂಗಮ್ಮ, "ಎಮ್ಮೆ ಕಾಲಿಗೂ ಹಿಂಗೆ ಯಾರೂ ಕಟ್ಟಲ್ಲ, ಬಿಚ್ಚು" ಎಂದು ಜಗಳವಾಡುತ್ತಿದ್ದಳು. ನನಗೆ ತೋರಿಸಿದಾಗ ನಾನು ಕಟ್ಟನ್ನು ಮುಟ್ಟಿ ನೋಡಿ, ಭೇಷ್, ಚೆನ್ನಾಗಿದೆ ಎಂದೆ. ನಾಲ್ಕಕ್ಷರ ಕಲಿತವನು ನಾನು. ಇವತ್ತಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಕಟ್ಟಿದ ಮೇಲೆ ಊತ ಹೆಚ್ಚಾಯಿತು. ಊತ ಹೆಚ್ಚಾದರೆ ಕಟ್ಟು ಇನ್ನೂ ಬಿಗಿ. ಮೂವತ್ತೆಂಟನೇ ಇಸವಿಯಲ್ಲಿ ಗಿಣ್ಣಿನ ಒಳಗಡೆ ಹುಣಸೆಬೀಜದಷ್ಟು ಒಂದು ಹುಣ್ಣಾಯಿತು. ಬೇವಿನಸೊಪ್ಪು ಅರೆದು ಇಟ್ಟ, ಅರಿಶಿನ ಮೆತ್ತಿದ. ಹುಣ್ಣು ಮಾಯದೆ ಬೆಳೆಯಿತು, ವಾಸನೆ ಬಂತು.

ಆ ವಾಸನೆ ಮೊದಲು ಹೋಗಿ ಮುಟ್ಟಿದ್ದು ಶಿರಸ್ತೇದಾರ ಕೋದಂಡರಾಮಪ್ಪನವರ ಮೂಗಿಗೆ. ಕೋರ್ಟಿನ ಕಾಗದಪತ್ರ, ಗುಮಾಸ್ತರು, ಜವಾನರು ಎಲ್ಲ ಅವರ ಕೈಕೆಳಗೆ. ಮುನ್ಸೀಫರು ಬರುತ್ತಾರೆ ಹೋಗುತ್ತಾರೆ, ಶಿರಸ್ತೇದಾರರು ಮಾತ್ರ ಹೂತಿಟ್ಟ ಗಡಿಕಲ್ಲು. ಅವರ ತಂಗಿಯ ಮಗ ಚನ್ನರಾಯಪ್ಪ ಅನ್ನುವವನು ಒಂದು ಕೆಲಸಕ್ಕಾಗಿ ಕೋರ್ಟಿನ ಜಗುಲಿಯಲ್ಲೇ ಠಿಕಾಣಿ ಹೂಡಿದ್ದ. ಯಾರೋ ಸಾಯಲಿ ಎಂದಲ್ಲ, ಪಾಪ, ಯಾರಾದರೂ ಬೀಳಲಿ ಎಂದು.

ಶಿರಸ್ತೇದಾರರು ದಿನಕ್ಕೊಂದು ಸಲ ಬೆಲ್ಲದಂಥ ಮಾತಿನಲ್ಲಿ ಕೇಳುತ್ತಿದ್ದರು, "ಆವಲಪ್ಪ, ಕಾಲು ತೊಂದ್ರೆ ಕೊಡ್ತಿದ್ರೆ ಹೇಳಪ್ಪ. ಅನ್‌ಫಿಟ್ ಅಂತ ಬರೆದು ಮನೆಗೆ ಕಳಿಸ್ಕೊಡ್ತೀನಿ, ಹಾಯಾಗಿರ್ಬೋದು."

ಆವಲಪ್ಪ ಹುಣ್ಣಿನ ಮೇಲೆ ಪಂಚೆ ಇಳಿಬಿಟ್ಟು ಇನ್ನೂ ನೆಟ್ಟಗೆ ನಿಲ್ಲುತ್ತಿದ್ದ. ಮರದ ಕೆಳಗೆ ಬಂದು ನನ್ನ ಹತ್ತಿರ ಹೇಳಿಕೊಂಡ, "ಕಾಲು ಹೋದ್ರೂ ಪರವಾಗಿಲ್ಲ ಸಾಬ್ರೇ, ಆ ಜಾಗ ಬಿಡಲ್ಲ. ಊರೋರ ಹೆಸರೆಲ್ಲ ನನ್ನ ಬಾಯಲ್ಲಿ ಬಂದವೆ. ಆ ಕೂಗು ಬಿಟ್ರೆ ನನ್ ಹತ್ರ ಇನ್ನೇನಿದೆ?"

ಮಾವಿನಹಣ್ಣಿನ ಕಾಲ. ಯಲ್ದೂರಿನ ಒಂದು ಮಾವಿನತೋಪಿನ ವಿಲ್ಲಿನ ಕೇಸು ನಡೆಯುತ್ತಿತ್ತು. ವಿಲ್ಲು ಬರೆಯುವಾಗ ಸತ್ತ ಯಜಮಾನನ ಬುದ್ಧಿ ಸ್ತಿಮಿತದಲ್ಲಿತ್ತು ಎಂದು ಸಾಕ್ಷಿ ಹೇಳುವುದಕ್ಕೆ ಮಿಷನ್ ಆಸ್ಪತ್ರೆಯ ಲೇಡಿ ಡಾಕ್ಟರು ಬಂದಿದ್ದರು. ದೇವಸಹಾಯಂ ಡಾಕ್ಟರಮ್ಮ ಎಂದು ಹೆಸರು, ಕುಳ್ಳಗೆ, ದಪ್ಪ ಕನ್ನಡಕ, ಬಿಳಿ ಸೀರೆ. ಅವರು ಕಟಕಟೆಯಲ್ಲಿ ನಿಂತು ಮಾತಾಡುತ್ತಿದ್ದಾಗ ಆವಲಪ್ಪನಿಗೆ ಗಿಣ್ಣಿನ ಹತ್ತಿರ ತಡೆಯಲಾರದ ತುರಿಕೆ. ಬಗ್ಗುವ ಹಾಗಿಲ್ಲ. ಬಲಗಾಲಿನ ಹೆಬ್ಬೆರಳ ಉಗುರಿನಿಂದ ಎಡಗಾಲನ್ನು ಕೆರೆದುಕೊಂಡ. ಉಬ್ಬಿದ ನರ ಒಡೆಯಿತು. ನೋವಿಲ್ಲದ್ದರಿಂದ ಅವನಿಗೇ ಗೊತ್ತಾಗಲಿಲ್ಲ. ಕಪ್ಪು ಕೆಂಪಿನ ರಕ್ತ ಚಿಮ್ಮಿ ಮುನ್ಸೀಫರ ಕುರ್ಚಿಯ ಕಾಲಿನ ತನಕ ಹರಿದ ಮೇಲೆ ವಕೀಲರೊಬ್ಬರು "ಅಯ್ಯಯ್ಯೋ!" ಎಂದರು. ಆ ಕೂಗಿಗೆ ನಾನು ಮರದ ಕೆಳಗಿಂದ ಓಡಿದೆ.

ಒಳಗೆ ಸಂತೆ. ನೀರು ತಾ, ಈರುಳ್ಳಿ ತಾ, ಅವನನ್ನು ಗೋಡೆಗೆ ಒರಗಿಸಿ ನಿಲ್ಲಿಸು, ಮೇಲೆ ಇನ್ನೂ ಬಿಗಿಯಾಗಿ ಕಟ್ಟು. ಆವಲಪ್ಪ ತಾನೇ ಬಗ್ಗಿ ಕಟ್ಟಿನ ಕಡ್ಡಿಯನ್ನು ಇನ್ನೊಂದು ಸುತ್ತು ತಿರುಚಿದ. ತಿರುಚಿದಷ್ಟೂ ರಕ್ತ ನುಗ್ಗಿತು. ಅಷ್ಟರಲ್ಲಿ ಡಾಕ್ಟರಮ್ಮ ಕಟಕಟೆಯಿಂದ ಇಳಿದು ಬಂದವರೇ ಅವನ ಕೈ ಮೇಲೆ ಪಟ್ಟನೆ ಹೊಡೆದರು.

"ಬಿಡು ಕೈ! ಮಲಗು. ಅಂಗಾತ ಮಲಗು. ಯಾರ ಹತ್ರ ಚಾಕು ಇದೆ?"

ಪೆನ್ಸಿಲ್ ಕೆತ್ತುವ ಚಾಕು ನನ್ನ ಜೇಬಿನಲ್ಲಿತ್ತು, ಕೊಟ್ಟೆ. ಅವರು ಆ ಹಾವಿನ ಕಟ್ಟನ್ನು ಕಚಕ್ಕನೆ ಕೊಯ್ದು ಬಿಸಾಡಿದರು. ಕರ್ಚೀಫನ್ನು ಮಡಿಸಿ ಒಡೆದ ಜಾಗದ ಮೇಲಿಟ್ಟು ಅಂಗೈಯಿಂದ ಅದುಮಿ ಹಿಡಿದು, ಕಾಲನ್ನು ಎತ್ತರಕ್ಕೆ ಇಡಲು ಏನಾದರೂ ಕೊಡಿ ಎಂದರು. ಯಾರೂ ಅಲ್ಲಾಡಲಿಲ್ಲ. ಅವರೇ ಕೈ ಚಾಚಿ ಮೇಜಿನ ಮೇಲಿದ್ದ ದಪ್ಪ ದಪ್ಪ ಕಾನೂನು ಪುಸ್ತಕ ಮೂರನ್ನು ಎಳೆದು, ಒಂದರ ಮೇಲೊಂದು ಪೇರಿಸಿ, ಅದರ ಮೇಲೆ ಆವಲಪ್ಪನ ರಕ್ತದ ಕಾಲನ್ನು ಇಟ್ಟರು.

"ಪುಸ್ತಕದ ಮೇಲೆ ಕಾಲಾ! ಸರಸ್ವತಿ! ಸರ್ಕಾರಿ ಪುಸ್ತಕ!" ಎಂದು ಶಿರಸ್ತೇದಾರರು ಕಿರುಚಿದರು.

"ರಕ್ತ ನಿಂತ ಮೇಲೆ ಸರಸ್ವತಿ ಹತ್ರ ನಾನೇ ಕ್ಷಮೆ ಕೇಳ್ತೀನಿ, ನೀವು ಸ್ವಲ್ಪ ಗಾಳಿ ಬಿಡಿ" ಎಂದರು ಡಾಕ್ಟರಮ್ಮ.

ಹತ್ತು ನಿಮಿಷ ಅಂಗೈ ತೆಗೆಯಲಿಲ್ಲ. ತೆಗೆದಾಗ ರಕ್ತ ನಿಂತಿತ್ತು. ಆ ಪುಸ್ತಕಗಳಿಂದ ಒಬ್ಬ ಬಡವನಿಗೆ ಕೂಡಲೇ ಉಪಕಾರವಾದದ್ದನ್ನು ನಾನು ನೋಡಿದ್ದು ಅದೇ ಮೊದಲು. ಆಮೇಲೆ ಅವರು ಕೊಯ್ದ ಹುರಿಯನ್ನು ಎತ್ತಿ ಹಿಡಿದು ಕೇಳಿದರು.

"ಇದನ್ನ ಕಟ್ಟಿದ್ದು ಯಾರು?"

"ನಾನೇ ಅಮ್ಮ. ನಮ್ಮಪ್ಪ ಕಲಿಸಿದ್ದು."

"ಹಾವು ಕಚ್ಚಿತ್ತಾ?"

"ಇಲ್ಲಮ್ಮ. ಅದೇ ಮೇಲೆ ಹತ್ತುತಾ ಇತ್ತು."

"ಹತ್ತಬೇಕು ಕಣಪ್ಪಾ! ಕಾಲಿನ ರಕ್ತ ಎದೆಗೆ ಹತ್ತಿ ಹೋಗ್ಬೇಕು. ಹತ್ತಲಾರದೆ ಕೆಳಗೇ ನಿಂತಿರೋದೇ ನಿನ್ನ ರೋಗ. ಅದರ ಕುತ್ತಿಗೆಗೆ ಹಗ್ಗ ಬೇರೆ ಬಿಗಿದಿದ್ದೀಯಲ್ಲ. ಏತ ನೋಡಿದ್ದೀಯಾ?"

ಆವಲಪ್ಪನಿಗೆ ಮಲಗಿದಲ್ಲೇ ಜೀವ ಬಂತು. ಕೋರ್ಟಿಗೆ ಸೇರುವ ಮುಂಚೆ ಅವನು ತಾಯಲೂರಿನಲ್ಲಿ ಏತ ತುಳಿದವನು. ಬಾವಿಯ ಮೇಲಿನ ಆ ಉದ್ದನೆಯ ಮರದ ಮೇಲೆ ಹಿಂದಕ್ಕೂ ಮುಂದಕ್ಕೂ ನಡೆದು ನೀರೆತ್ತಿದವನು. "ಹತ್ತು ವರ್ಷ ತುಳಿದಿದೀನಮ್ಮ" ಎಂದ.

"ತುಳಿಯೋನು ನಿಂತ್ಬಿಟ್ರೆ ನೀರು ಮೇಲೆ ಬರುತ್ತಾ? ನಿನ್ನ ಮೀನಖಂಡ ಇದೆಯಲ್ಲ, ಅದೇ ಏತ. ನೀನು ನಡೆದ್ರೆ ಒಂದೊಂದು ಹೆಜ್ಜೆಗೂ ರಕ್ತ ಮೇಲಕ್ಕೆ ಹೋಗುತ್ತೆ. ಕಂಬದ ಹಾಗೆ ನಿಂತ್ರೆ ಏತ ನಿಂತ ಹಾಗೆ. ನರದೊಳಗೆ ರಕ್ತ ವಾಪಸ್ಸು ಬೀಳದ ಹಾಗೆ ಸಣ್ಣ ಸಣ್ಣ ಬಾಗಿಲಿವೆ. ನಿಂತು ನಿಂತು ಅವೂ ಕೆಟ್ಟಿವೆ. ಇನ್ನೂ ನಿಂತ್ರೆ ಈ ಹುಣ್ಣು ಮಾಯೋದೇ ಇಲ್ಲ, ಕೊನೆಗೆ ಕಾಲನ್ನೇ ತಿನ್ನುತ್ತೆ."

ಮೂರು ವಾರ ಆಸ್ಪತ್ರೆಯಲ್ಲಿದ್ದು, ಆಮೇಲೆ ಮನೆಯಲ್ಲಿ ಮಲಗಿದ. ಎದೆಗಿಂತ ಎತ್ತರಕ್ಕೆ ಕಾಲು ಇರಬೇಕೆಂದು ರಾಗಿಮೂಟೆಯ ಮೇಲೆ ಕಾಲು ಹಾಕಿಕೊಂಡಿದ್ದ. ನೋಡಲು ಬಂದವರ ಮುಖಕ್ಕೆ ನೇರವಾಗಿ ಅವನ ಅಂಗಾಲು! ಚಿಕ್ಕಗಂಗಮ್ಮನ ಅಣ್ಣ ಮುನಿಶಾಮಿ ಬಾಗಿಲಲ್ಲೇ ನಿಂತು, "ಹಿರೀರು ಬಂದ್ರೆ ಕಾಲು ಇಳಿಸ್ಬೇಕು ಅನ್ನೋದೂ ಮರೆತೋಯ್ತಾ?" ಎಂದು ಮುಖ ಸಿಂಡರಿಸಿದ. "ಮರ್ಯಾದೆ ಬೇಕಿದ್ರೆ ತಲೆ ಕಡೆ ಬಂದು ಕೂತ್ಕೋ ಭಾವ. ಕಾಲು ಮಾತ್ರ ಇಳಿಸಲ್ಲ" ಎಂದ ಆವಲಪ್ಪ. ಮುನಿಶಾಮಿ ಕಾಫಿ ಕುಡಿಯದೆ ಹೋದ. ನಾನು ಹೋದ ಮೊದಲ ದಿನದಿಂದಲೂ ತಲೆಯ ಕಡೆಗೇ ಕೂತೆ.

ಬೆಳಿಗ್ಗೆ ಹಾಸಿಗೆಯಿಂದ ಕಾಲು ನೆಲಕ್ಕೆ ಇಡುವ ಮೊದಲೇ ಬಟ್ಟೆಯ ಪಟ್ಟಿ ಸುತ್ತಬೇಕು ಎಂದು ಡಾಕ್ಟರಮ್ಮ ಕಲಿಸಿದ್ದರು. ಕಾಲ್ಬೆರಳಿನ ಬುಡದಿಂದ ಶುರು, ಹಿಮ್ಮಡಿ ಬಿಡಬಾರದು, ಒಂದು ಸುತ್ತು ಇನ್ನೊಂದರ ಅರ್ಧಕ್ಕೆ ಬರಬೇಕು, ಕೆಳಗೆ ಬಿಗಿ, ಮೇಲೆ ಹೋಗ್ತಾ ಹೋಗ್ತಾ ಸಡಿಲ, ಮೊಣಕಾಲಿನ ಕೆಳಗೆ ಮುಗಿಸು. ಬೆರಳು ತಣ್ಣಗಾದರೆ, ಜೋಮು ಹಿಡಿದರೆ ಕೂಡಲೇ ಬಿಚ್ಚಿ ಮತ್ತೆ ಸುತ್ತು. ಚಿಕ್ಕಗಂಗಮ್ಮ ಒಂದೇ ದಿನದಲ್ಲಿ ಕಲಿತಳು. "ಇಷ್ಟು ವರ್ಷ ತಲೆಕೆಳಗು ಕಟ್ಕೊಂಡಿದ್ದೆಯಲ್ಲೋ ಮಹಾನುಭಾವ" ಎನ್ನುತ್ತಾ ಸುತ್ತುತ್ತಿದ್ದಳು. ಆವಲಪ್ಪ ತನ್ನ ಅಪ್ಪನ ಪಟದ ಕಡೆ ನೋಡುತ್ತಿದ್ದ. ಹುಣ್ಣು ಅಂಚಿನಿಂದ ಒಳಕ್ಕೆ ಮಾಯುತ್ತಾ ಬಂತು. ನರ ಮಾತ್ರ ಹೋಗಲಿಲ್ಲ, ಹೋಗುವುದೂ ಇಲ್ಲ, ಜೀವ ಇರುವವರೆಗೂ ಪಟ್ಟಿ ಬಿಡಬೇಡ ಎಂದಿದ್ದರು ಡಾಕ್ಟರಮ್ಮ.

ಎರಡು ತಿಂಗಳಾದ ಮೇಲೆ ಕೋರ್ಟಿಗೆ ಬಂದ. ಕೈಯಲ್ಲಿ ಡಾಕ್ಟರಮ್ಮ ಬರೆದುಕೊಟ್ಟ ಸರ್ಟಿಫಿಕೇಟು: ಕೆಲಸ ಮಾಡಬಹುದು, ಒಂದೇ ಕಡೆ ನಿಲ್ಲಿಸಬಾರದು, ಕೂರಬಹುದು, ನಡೆಯಬಹುದು. ಶಿರಸ್ತೇದಾರರು ಅದನ್ನು ಎರಡು ಬೆರಳಲ್ಲಿ ಹಿಡಿದು ಓದಿದರು.

"ಪೀಠದ ಮುಂದೆ ಜವಾನ ಕೂರೋದಾ? ಮೈಸೂರು ಸೀಮೆಯಲ್ಲೇ ಕೇಳಿಲ್ಲ. ನಿಲ್ಲೋಕಾದ್ರೆ ನಿಲ್ಲು. ಆಗದಿದ್ರೆ ಅನ್‌ಫಿಟ್. ಚನ್ನರಾಯಪ್ಪ ಇದ್ದಾನೆ."

ಆವಲಪ್ಪ ನೆಟ್ಟಗೆ ನನ್ನ ಚಾಪೆಗೆ ಬಂದ. "ಬರೀರಿ ಸಾಬ್ರೇ ಒಂದು ಅರ್ಜಿ."

ಅಭ್ಯಾಸಬಲ, ನಾನು ತಮ್ಮ ಪಾದಾರವಿಂದಗಳಲ್ಲಿ ಬಿದ್ದು ಬೇಡಿಕೊಳ್ಳುವ ಎಂದು ಶುರು ಮಾಡಿದೆ. ಅವನು ಕೈ ಹಿಡಿದ.

"ಹೊಡೆದಾಕಿ ಅದನ್ನ. ನಾನು ಬೇಡ್ತಾ ಇಲ್ಲ, ಕೇಳ್ತಾ ಇದೀನಿ."

"ಲೇ, ಅರ್ಜಿ ಅಂದ್ರೆ ಬೇಡೋದೇ ಕಣೋ."

"ಇದು ಕೇಳೋ ಅರ್ಜಿ. ಬರೀರಿ."

ಕೊನೆಗೆ ಬರೆದದ್ದು ನಾಲ್ಕೇ ಸಾಲು: "ಒಂದೇ ಕಡೆ ನಿಂತರೆ ಕಾಲು ಹೋಗುತ್ತದೆ ಎಂದು ಡಾಕ್ಟರು ಬರೆದಿದ್ದಾರೆ. ಕೂಗುವುದು ಗಂಟಲು, ಕಾಲಲ್ಲ. ಕೋರ್ಟಿನೊಳಗೆ ಕೂರಲು ಒಂದು ಸ್ಟೂಲು ಬೇಕು. ಇಂತಿ, ಈ ಕೋರ್ಟಿನ ಜವಾನ, ತಾಯಲೂರು ಆವಲಪ್ಪ." ಹೆಸರನ್ನು ಸಣ್ಣದಾಗಿ ಬರೆಯಿರಿ, ಕೋರ್ಟಿನ ಜವಾನ ಅನ್ನುವುದನ್ನು ದಪ್ಪಕ್ಷರದಲ್ಲಿ ಬರೆಯಿರಿ ಎಂದ. ಯಾಕೆ ಎಂದು ನಾನು ಕೇಳಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ನಾನು ಬರೆದ ಅರ್ಜಿಗಳಲ್ಲೆಲ್ಲ ಅತಿ ಚಿಕ್ಕದು ಅದೇ.

ಶಿರಸ್ತೇದಾರರು ಅದನ್ನು ತೆಗೆದುಕೊಂಡು, ಕಾಗದದ ಕಂತೆಯ ಕೆಳಗೆ ತಳ್ಳಿ, ಮೊಣಕೈ ಊರಿ ಕೂತರು. ಒಂದು ದಿನವಾಯಿತು, ಒಂದು ವಾರವಾಯಿತು. ಅಷ್ಟು ದಿನ ಆವಲಪ್ಪ ಏನು ಮಾಡಿದ ಗೊತ್ತೆ? ಕೂರಬೇಡ ಎಂದಿದ್ದಾರೆ, ನಡೆಯಬೇಡ ಎಂದಿಲ್ಲ. ಮುನ್ಸೀಫರ ಕುರ್ಚಿಯ ಹಿಂದೆ ನಾಲ್ಕು ಹೆಜ್ಜೆ ಆ ಕಡೆ, ನಾಲ್ಕು ಹೆಜ್ಜೆ ಈ ಕಡೆ. ವಕೀಲರ ಕಣ್ಣೆಲ್ಲ ಅವನ ಹಿಂದೆಯೇ ಹೋಗುತ್ತಿದ್ದವು. ಸಾಕ್ಷಿ ಹೇಳುವವರಿಗೆ ಹೇಳಬೇಕಾದ ಸುಳ್ಳು ಮರೆತುಹೋಗುತ್ತಿತ್ತು. ಮುನ್ಸೀಫರು ಒಂದು ದಿನ ತಿರುಗಿ, "ಏನಯ್ಯಾ ಇದು?" ಎಂದರು.

"ಏತ ತುಳೀತಾ ಇದೀನಿ ಸ್ವಾಮಿ."

ಅವರಿಗೆ ಅರ್ಥವಾಗಲಿಲ್ಲ. ಹತ್ತೊಂಬತ್ತನೇ ದಿನ, ಶನಿವಾರ, ಶಿರಸ್ತೇದಾರರು ಲಿಖಿತ ಆಜ್ಞೆ ಕೊಟ್ಟರು. ಸೋಮವಾರದಿಂದ ಜವಾನ ತನ್ನ ಜಾಗದಲ್ಲಿ ಅಲುಗಾಡದೆ ನಿಲ್ಲತಕ್ಕದ್ದು, ತಪ್ಪಿದರೆ ಅನ್‌ಫಿಟ್ ಎಂದು ಮನೆಗೆ. ಆವಲಪ್ಪ ಅದನ್ನು ನನ್ನ ಹತ್ತಿರ ಓದಿಸಿಕೊಂಡ. ಏನು ಮಾಡ್ತೀಯೋ ಎಂದರೆ, "ನಿಮ್ಮ ಅಕ್ಷರ ಚೆನ್ನಾಗಿದೆ ಸಾಬ್ರೇ" ಎಂದು ಹೇಳಿ ಹೋದ. ತಲೆ ಕೆಟ್ಟಿತೇನೋ ಅಂದುಕೊಂಡೆ.

ಸೋಮವಾರ ಹನ್ನೊಂದು ಗಂಟೆ. ಚನ್ನರಾಯಪ್ಪ ಹೊಸ ಕೋಟು ಹಾಕಿಕೊಂಡು ಜಗುಲಿಯಲ್ಲಿ ನಿಂತಿದ್ದ. ನಾನು ಚಾಪೆ ಬಿಟ್ಟು ಬಾಗಿಲಿಗೆ ಹೋಗಿ ನಿಂತೆ. ಶಿರಸ್ತೇದಾರರು ಮೊದಲ ಕೇಸಿನ ಹೆಸರು ಹೇಳಿಕೊಟ್ಟರು. ಆವಲಪ್ಪ ಅದನ್ನು ಕಿವಿಗೆ ಹಾಕಿಕೊಳ್ಳಲೇ ಇಲ್ಲ. ಎದೆ ತುಂಬಾ ಉಸಿರೆಳೆದ.

"ಅರ್ಜಿದಾರ, ಈ ಕೋರ್ಟಿನ ಜವಾನ, ತಾಯಲೂರು ಆವಲಪ್ಪಾ... ಹಾಜರಿದ್ದಾನಾ...?"

ಎರಡನೇ ಸಲ ಕೂಗಿದ. ಮೂರನೇ ಸಲದ ಕೂಗಿಗೆ ಹೊಂಗೆಮರದ ಕಾಗೆಗಳೆಲ್ಲ ಎದ್ದವು. ಆಮೇಲೆ ಕೆಂಪು ಪಟ್ಟಿ, ಬಿಲ್ಲೆ ಬಿಚ್ಚಿ ಮೇಜಿನ ಮೇಲಿಟ್ಟು, ಸುತ್ತಿ ಬಂದು ಕಟಕಟೆಯ ಮುಂದೆ ನಿಂತು, ತನ್ನ ಕೂಗಿಗೆ ತಾನೇ ಉತ್ತರ ಕೊಟ್ಟ.

"ಹಾಜರ್, ಸ್ವಾಮಿ."

"ಏನಿದು ತಮಾಷೆ?" ಮುನ್ಸೀಫರ ಮುಖ ಕೆಂಪಾಯಿತು.

"ತಮಾಷೆ ಅಲ್ಲ ಸ್ವಾಮಿ. ನನ್ನ ಅರ್ಜಿ ಶಿರಸ್ತೇದಾರರ ಮೊಣಕೈ ಕೆಳಗೆ ಇಪ್ಪತ್ತೊಂದು ದಿನದಿಂದ ಮಲಗಿದೆ. ಅದಾದ್ರೂ ಮಲಗಿದೆ, ನಾನು ನಿಂತಿದೀನಿ. ಇಪ್ಪತ್ತು ವರ್ಷ ಎಲ್ಲರ ಹೆಸರೂ ಕೂಗಿದೀನಿ, ನನ್ನ ಹೆಸರು ಕೂಗೋರು ಯಾರೂ ಇಲ್ಲ. ಅದಕ್ಕೇ ನಾನೇ ಕೂಗ್ದೆ."

ಎಂದವನೇ ಬಗ್ಗಿ, ಪಂಚೆ ಎತ್ತಿ, ಪಟ್ಟಿಯನ್ನು ಸುತ್ತು ಸುತ್ತಾಗಿ ಬಿಚ್ಚಿದ. ಕಪ್ಪಾದ ಚರ್ಮ, ಹೊಸದಾಗಿ ಮಾಯ್ದ ಗುಲಾಬಿ ಕಲೆ, ಹಸಿರು ನರ, ಎಲ್ಲ ಬೆಳಕಿಗೆ ಬಂತು. ನನಗೆ ಕಣ್ಣಲ್ಲಿ ನೀರು ಬಂತು, ಹೇಳಲು ನಾಚಿಕೆಯೇನೂ ಇಲ್ಲ. ಮುನ್ಸೀಫರು ಅರ್ಜಿ ತರಿಸಿ ಓದಿದರು. ಸರ್ಟಿಫಿಕೇಟು ಓದಿದರು. ಶಿರಸ್ತೇದಾರರ ಕಡೆ ತಿರುಗಿದರು.

"ಜವಾನ ನಿಂತೇ ಇರಬೇಕು ಅಂತ ರೂಲು ಎಲ್ಲಿದೆ?"

ಕೋದಂಡರಾಮಪ್ಪನವರು ಪುಸ್ತಕ ತೆಗೆದರು. ಅವೇ ಮೂರು ಪುಸ್ತಕ, ಮೇಲಿನದರ ಮೇಲೆ ಕಂದು ಕಲೆ ಇನ್ನೂ ಇತ್ತು. ಹಾಳೆ ತಿರುವಿದರು, ಬೆವರು ಒರೆಸಿಕೊಂಡರು, ಮತ್ತೆ ತಿರುವಿದರು.

"ರೂಲು... ವಾಡಿಕೆ ಸ್ವಾಮಿ."

ಮುನ್ಸೀಫರು ಪಾಪ, ಕೆಟ್ಟವರಲ್ಲ, ಪುಕ್ಕಲು. ಕೂರು ಎಂದರೆ ಶಿರಸ್ತೇದಾರರ ವೈರ, ನಿಲ್ಲು ಎಂದರೆ ಡಾಕ್ಟರ ಕಾಗದ. ಅಂಥ ಹೊತ್ತಿನಲ್ಲಿ ಮುನ್ಸೀಫರು ಏನು ಮಾಡುತ್ತಾರೋ ಅದನ್ನೇ ಮಾಡಿದರು. "ಮುಂದಿನ ತಿಂಗಳಿಗೆ ವಾಯಿದೆ" ಎಂದು ಬರೆದರು. ಶಿರಸ್ತೇದಾರರು ಮುಖ ಅರಳಿಸಿಕೊಂಡು, "ತೀರ್ಪು ಬರೋ ತನಕ ಹೋಗಿ ನಿನ್ನ ಜಾಗದಲ್ಲಿ ನಿಲ್ಲು" ಎಂದರು.

ಆವಲಪ್ಪ ಕಾಲಿನ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡು ಗೋಡೆಯ ಪಕ್ಕಕ್ಕೆ ನಡೆದು ಬೆಂಚಿನ ಮೇಲೆ ಕೂತ.

"ಏಯ್! ಏಳೋ!"

ಆವಲಪ್ಪ ತಲೆಯ ಮೇಲಿನ ಹಲಗೆಗೆ ಬೆರಳು ತೋರಿಸಿದ. ಓದು ಬರದವನು, ಬಾಯಿಪಾಠ ಹೇಳಿದ. "ಕಕ್ಷಿದಾರರು ತಮ್ಮ ಕೇಸು ಮುಗಿಯುವ ತನಕ ಈ ಬೆಂಚಿನ ಮೇಲೆ ಕೂರತಕ್ಕದ್ದು. ಕೂರಬಹುದು ಅಂತ ಅಲ್ಲ ಸ್ವಾಮಿ, ಕೂರತಕ್ಕದ್ದು. ನಾನು ಕಕ್ಷಿದಾರ. ನನ್ನ ಕೇಸು ಮುಗಿದಿಲ್ಲ. ಎದ್ರೆ ಕೋರ್ಟಿನ ಅಪ್ಪಣೆ ಮೀರಿದ ಹಾಗಾಗ್ತದೆ."

ವಕೀಲರೊಬ್ಬರು ಕೆಮ್ಮಿದರು. ಇನ್ನೊಬ್ಬರು ಕಡತದಲ್ಲಿ ಮುಖ ಮುಚ್ಚಿಕೊಂಡರು. ಮುನ್ಸೀಫರು ಹಲಗೆಯನ್ನು ಎರಡು ಸಲ ಓದಿದರು, ಆಮೇಲೆ ಮೇಜಿನ ಮೇಲಿದ್ದ ಕೆಂಪು ಪಟ್ಟಿಯನ್ನು ಮುಂದಕ್ಕೆ ತಳ್ಳಿದರು. "ಇದನ್ನ ಅವನಿಗೆ ಕೊಡಿ. ಮುಂದಿನ ಕೇಸು ಕೂಗಿಸಿ." ಆ ಪಟ್ಟಿಯನ್ನು ಬೆಂಚಿನ ತನಕ ತೆಗೆದುಕೊಂಡು ಹೋಗಿ ಕೊಟ್ಟವರು ಶಿರಸ್ತೇದಾರರೇ. ಆವಲಪ್ಪ ಕೂತಲ್ಲಿಂದಲೇ ಕೂಗಿದ. ಕೂತ ಕೂಗಿಗೂ ನಿಂತ ಕೂಗಿಗೂ ಎಳ್ಳಷ್ಟೂ ವ್ಯತ್ಯಾಸ ಇರಲಿಲ್ಲ.

ಆ ಅರ್ಜಿಗೆ ತೀರ್ಪು ಬರಲೇ ಇಲ್ಲ. ನಮ್ಮ ಕೋರ್ಟಿನಲ್ಲಿ ಗಂಡ ಹೆಂಡಿರ ಜಗಳಕ್ಕೇ ಹತ್ತು ವರ್ಷ, ಜವಾನನ ಸ್ಟೂಲಿಗೆ ಯಾವ ಅವಸರ? ತಿಂಗಳಿಗೊಂದು ಸಲ ಆವಲಪ್ಪ ತನ್ನ ಹೆಸರನ್ನು ಮೂರು ಸಲ ಕೂಗಿ, ಹಾಜರ್ ಎಂದು ಹೇಳಿ, ವಾಯಿದೆ ತೆಗೆದುಕೊಂಡು ಕೂರುತ್ತಿದ್ದ. ಮೂವರು ಮುನ್ಸೀಫರು ಬದಲಾದರು, ಮೂವರೂ ವಾಯಿದೆ ಕೊಟ್ಟರು. ವರ್ಷಗಟ್ಟಲೆ ಜನರನ್ನು ಅಲೆಸಿದ ಆ ವಾಯಿದೆ ಇವನೊಬ್ಬನಿಗೆ ಮಣೆ ಹಾಕಿತು. ಸದಾ ಕೂತೇ ಇರುತ್ತಿರಲಿಲ್ಲ, ಗಂಟೆಗೊಂದು ಸಲ ಎದ್ದು ಜಗುಲಿಯಲ್ಲಿ ನಡೆದು ಬರುತ್ತಿದ್ದ, ಕೂತಲ್ಲೇ ಹಿಮ್ಮಡಿ ಎತ್ತಿ ಇಳಿಸುತ್ತಿದ್ದ. ಯುದ್ಧ ಬಂದು ಆಸ್ಪತ್ರೆಯ ಪಟ್ಟಿ ಸಿಗದಾದಾಗ ವೇಮಗಲ್ಲಿನ ಒಬ್ಬ ಸಿಪಾಯಿಯ ಹತ್ತಿರದಿಂದ ಮಿಲಿಟರಿಯವರು ಕಾಲಿಗೆ ಸುತ್ತುವ ಖಾಕಿ ಪಟ್ಟಿ ತಂದು ಸುತ್ತಿದ. ಚಿಕ್ಕಗಂಗಮ್ಮ ಅವನನ್ನು ಸುಬೇದಾರ ಎಂದು ಕರೆಯತೊಡಗಿದಳು. ಮತ್ತೆ ಹುಣ್ಣಾಗಲಿಲ್ಲ.

ನಲವತ್ತೈದರಲ್ಲಿ ಆವಲಪ್ಪ ನಿವೃತ್ತನಾದ. ಕೊನೆಯ ದಿನ ನನ್ನ ಚಾಪೆಗೆ ಬಂದು, "ಬರ್ತೀನಿ ಸಾಬ್ರೇ. ಬೇರು ಬರೋ ಮುಂಚೆ ಎದ್ದು ಒಂದಿಷ್ಟು ನಡೀರಿ" ಎಂದ. ತಾಯಲೂರಿಗೆ ಬಸ್ಸಿಗೆ ಕಾಯದೆ ಎರಡು ಕಾಲಲ್ಲೂ ಒಂದೇ ಹೆಜ್ಜೆ ಹಾಕುತ್ತಾ ನಡೆದು ಹೋದ.

ಅವನ ಜಾಗಕ್ಕೆ ಬಂದವನು ಚನ್ನರಾಯಪ್ಪ. ಅಷ್ಟು ವರ್ಷ ಊರೂರಿಗೆ ಸಮನ್ಸ್ ಹಂಚುತ್ತಾ ಕಾದಿದ್ದ. ಸೋದರಮಾವ ಶಿರಸ್ತೇದಾರರು ಆ ಹೊತ್ತಿಗೆ ಮನೆ ಸೇರಿದ್ದರು. ಮೊದಲ ತಿಂಗಳು ಅವನು ಹಳೆಯ ವಾಡಿಕೆಯಂತೆ ಕುರ್ಚಿಯ ಹಿಂದೆ ಕಡ್ಡಿಯಂತೆ ನಿಂತ. ಒಂದು ಮಧ್ಯಾಹ್ನ ಜಗುಲಿಯ ಕಂಬಕ್ಕೆ ಒರಗಿ ಮೀನಖಂಡ ಒತ್ತಿಕೊಳ್ಳುತ್ತಿದ್ದುದನ್ನು ನೋಡಿದೆ. ಬೆರಳು ತೆಗೆದ ಮೇಲೂ ಕುಣಿ ಹಾಗೇ ಇತ್ತು.

ವಾಯಿದೆಯ ದಿನ ಬಂತು. ಕೇಸುಗಳ ಪಟ್ಟಿಯಲ್ಲಿ ಆ ಹೆಸರು ಇನ್ನೂ ಇತ್ತು. ಮೂರು ಕೂಗಿಗೆ ಯಾರೂ ಹಾಜರಾಗದಿದ್ದರೆ ಅರ್ಜಿ ವಜಾ, ಬೆಂಚೂ ವಜಾ. ಚನ್ನರಾಯಪ್ಪ ಕೂಗಿದ, ಸಣ್ಣ ಗಂಟಲು.

"ಅರ್ಜಿದಾರ, ಈ ಕೋರ್ಟಿನ ಜವಾನ, ತಾಯಲೂರು ಆವಲಪ್ಪಾ..."

ಯಾರೂ ಇಲ್ಲ. ಎರಡನೇ ಸಲವೂ ಇಲ್ಲ. ಹೆಸರು ಸಣ್ಣದಾಗಿ, ಜವಾನ ಅನ್ನುವುದು ದಪ್ಪಕ್ಷರದಲ್ಲಿ. ಯಾಕೆ ಹಾಗೆ ಬರೆಸಿದ್ದನೆಂದು ಏಳು ವರ್ಷದ ಮೇಲೆ ನನ್ನ ಮಂದ ತಲೆಗೆ ಆಗ ಹೊಳೆಯಿತು. ಮೂರನೇ ಕೂಗು ಮುಗಿಯುವ ಮೊದಲೇ ನಾನು ಎದ್ದೆ. ಕಾಲು ಜೋಮು ಹಿಡಿದಿತ್ತು, ಹಾಗೇ ಕುಂಟುತ್ತಾ ಬಾಗಿಲಿಗೆ ಹೋದೆ. ಇಪ್ಪತ್ತಾರು ವರ್ಷ ಆ ಕೋಣೆಯೊಳಗೆ ಒಂದು ಮಾತೂ ಆಡದವನು ಗಂಟಲು ಹರಿಯುವ ಹಾಗೆ ಕೂಗಿದೆ.

"ಹಾಜರ್!"

"ಯಾರು ನೀವು? ಅರ್ಜಿದಾರ ಎಲ್ಲಿ?" ಎಂದರು ಹೊಸ ಮುನ್ಸೀಫರು.

"ಅರ್ಜಿ ಆವಲಪ್ಪನದಲ್ಲ ಸ್ವಾಮಿ, ಈ ಕೋರ್ಟಿನ ಜವಾನನದು. ದಪ್ಪಕ್ಷರದಲ್ಲಿದೆ, ನೋಡಿ, ಬರೆದವನು ನಾನೇ. ಜವಾನ ತಮ್ಮ ಬೆನ್ನ ಹಿಂದೆಯೇ ಹಾಜರಿದ್ದಾನೆ. ವಾಯಿದೆ ಕೊಡಿ."

ಅವರು ಅರ್ಜಿ ನೋಡಿದರು. ಹಲಗೆ ನೋಡಿದರು. ವಾಯಿದೆ ಬರೆದರು. ಚನ್ನರಾಯಪ್ಪ ನನ್ನ ಮುಖ ನೋಡುತ್ತಾ ನಿಂತೇ ಇದ್ದ.

"ನೋಡ್ತಾ ನಿಂತಿದ್ದೀಯಲ್ಲೋ" ಎಂದೆ. "ಕೂತ್ಕೋ."

ಅವನು ಬೆಂಚಿಗೆ ಬಂದು ಕೂತ.